ಹಿಲ್ಯಾ ಅಜ್ಜಿಯ ಹೆಸರಿನ ಮುಂದಿನ ಸಹಿ

ನೋಟು ಬದಲಾಯಿಸುವ ಸಾಲಿನಲ್ಲಿ ನಿಂತಾಗ, ನಿಲ್ಲಲಾರದವರ ನೆನಪು ನಿಮಗೆ ಬಂದಿತ್ತೇ? ಮೂರೇ ದಿನದಲ್ಲಿ ಸೋವಿಯತ್ ರೂಬಲ್ ಕೊಟ್ಟು ಹೊಸ ಕ್ರೂನ್ ಪಡೆಯಬೇಕಿದ್ದಾಗ, ಎಸ್ಟೋನಿಯಾದ ಈ ಊರಿನಲ್ಲಿ ಯಾರಿಗೂ ಬರಲಿಲ್ಲ. ಇನ್‌ಸ್ಪೆಕ್ಟರ್ ವಿಲ್ಲೆಮ್ ರೌಡೊಯಾನಿಗೂ ಬರಲಿಲ್ಲ.

1992ರ ಜೂನ್ 23, ಬೆಳಿಗ್ಗೆ 9.10. ಎದ್ದು ನಿಲ್ಲಲಾರದ ಎಂಬತ್ನಾಲ್ಕರ ಹಿಲ್ಯಾ ಕೂಸೆಮೆತ್ಸ್ ಹಾಲಿನ ಗಾಡಿಯಲ್ಲಿ ಮಲಗಿಕೊಂಡೇ ಠಾಣೆಗೆ ಬಂದಳು. ವಿಲ್ಲೆಮ್ ಅಂಗಳಕ್ಕೆ ಇಳಿದು ಬಂದ. ಕಾನ್‌ಸ್ಟೆಬಲ್ ಕೌಪೊ ದೂರು ಬರೆದುಕೊಂಡ.

"ಮನೆಗೇ ಬರ್ತೀವಿ ಅಂತ ನೋಟು ಬದಲಾಯಿಸೋ ಸಮಿತಿಯವರು ಪಾಸ್‌ಪೋರ್ಟ್ ಇಸ್ಕೊಂಡು ಹೋದ್ರು ಕಣಪ್ಪ. ಮೂರು ದಿನ ತಲೆ ಬಾಚ್ಕೊಂಡು ಕಾದೆ. ನಿನ್ನೆ ಸಂಜೆ ಪಾಸ್‌ಪೋರ್ಟ್ ಒಂದೇ ವಾಪಸ್ ಬಂತು."

"ರೂಬಲ್ ಎಷ್ಟಿತ್ತು?"

"ಸಾವಿರದೈನೂರು. ನನ್ನ ಶವಪೆಟ್ಟಿಗೇಗೆ ಅಂತ ಇಟ್ಟಿದ್ದು. ಇನ್ನು ಅದನ್ನ ಪೆಟ್ಟಿಗೆ ಒಳಗಡೆ ಅಂಟಿಸ್ಕೋಬಹುದು, ಅಷ್ಟೇ."

ಎಫ್‌ಐಆರ್ ದಾಖಲಾಯಿತು. 11.30ಕ್ಕೆ, ನೋಟು ಬದಲಾಯಿಸಿದ್ದ ಶಾಲೆಯ ಕೋಣೆಯಲ್ಲಿ ಪಂಚನಾಮೆ. ತಲೆಗೆ ಸಾವಿರದೈನೂರು ರೂಬಲ್ ಮಾತ್ರ ಬದಲಾವಣೆ, ಹತ್ತಕ್ಕೆ ಒಂದು ಕ್ರೂನ್. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಸಹಿ. ಹಿಲ್ಯಾಳ ಹೆಸರಿನ ಮುಂದೆಯೂ ಸಹಿಯಿತ್ತು. ನೂರೈವತ್ತು ಕ್ರೂನ್ ಪಾವತಿಯಾಗಿತ್ತು.

"ಯಾರ ಅಕ್ಷರ ಅಂತ ಹೇಳೋದು ಸರ್? ಇಡೀ ಊರಿಂದು ಒಂದೇ ಥರ. ನಂದೂ, ನಿಮ್ದೂ" ಎಂದ ಕೌಪೊ.

ಊರಿಗೆಲ್ಲ ಅಕ್ಷರ ತಿದ್ದಿಸಿದವರು ಸಾಲ್ಮೆ ಟೀಚರ್. ಹಿಲ್ಯಾ ಟೀಚರ್‌ಗಿಂತ ಹದಿನೆಂಟು ವರ್ಷ ಹಿರಿಯಳು, ಅವರ ಬಳಿ ಕಲಿತವಳಲ್ಲ. ದೂರಿನ ಕೆಳಗೆ ಅವಳು ಹಾಕಿದ್ದು ಹಳೆಯ ಕಾಲದ ಕೊಕ್ಕೆಯಕ್ಷರದ ಸಹಿ; ಪಟ್ಟಿಯಲ್ಲಿದ್ದದ್ದು ಟೀಚರ್ ತಿದ್ದಿಸಿದ ಅಕ್ಷರ. ಪಾಸ್‌ಪೋರ್ಟ್‌ಗಳಿದ್ದ ಡಬ್ಬ ಮೂವರ ಸಮಿತಿಯ ಮೇಜಿನ ಮೇಲಿತ್ತು. ಇಬ್ಬರು ಪಟ್ಟಣದವರು, ಅವರ ಅಕ್ಷರವೇ ಬೇರೆ. ಮೂರನೆಯವರು ಟೀಚರ್.

ಸಂಜೆ 4 ಗಂಟೆ. ಟೀಚರ್ ಬಾಗಿಲು ತೆರೆದರು.

"ಟೀಚರ್, ಇದು ನಿಮ್ಮ ಅಕ್ಷರ."

"ಗುರುತು ಹಿಡಿದ್ಯಲ್ಲ ವಿಲ್ಲೆಮ್. ಶಾಲೇಲಿ ಇಷ್ಟು ಚುರುಕಿರಲಿಲ್ಲ ನೀನು."

"ಯಾರ ರೂಬಲ್ ಕೊಟ್ರಿ?"

"ಗಾಯನ ತಂಡದ್ದು. ಬ್ಯಾಂಕಿಗೆ ಕಟ್ಟಿದೀನಿ ಅಂದಿದ್ದೆ. ಕಟ್ಟಿರಲಿಲ್ಲ. ಹೋದ ವರ್ಷ ಮಾಸ್ಕೋದವರು ರಾತ್ರೋರಾತ್ರಿ ನೋಟು ರದ್ದು ಮಾಡಿ ಖಾತೆ ಬಿಗಿ ಹಿಡಿದ್ರಲ್ಲ, ಆ ಹೆದರಿಕೆ. ಈ ಸಲ ಖಾತೇಲಿದ್ದಿದ್ದು ತಾನಾಗೇ ಕ್ರೂನ್ ಆಯ್ತು. ನನ್ನ ಪಾಲಿನ ಮಿತಿ ಮುಗಿದಿತ್ತು, ಬಿಸ್ಕತ್ ಡಬ್ಬೀಲಿದ್ದ ತಂಡದ ದುಡ್ಡು ಕಸ."

"ತಂಡದವರಿಗೆ ಹೇಳಬಹುದಿತ್ತು."

"ಸುಳ್ಳು ಹೇಳಿದೋರನ್ನ ಮೂಲೇಲಿ ನಿಲ್ಲಿಸಿದವಳು ನಾನು. ಯಾವ ಬಾಯಲ್ಲಿ ಹೇಳಲಿ? ಹಿಲ್ಯಾ ಅಜ್ಜಿ ಕೇಳಲ್ಲ ಅಂದ್ಕೊಂಡೆ."

4.20ಕ್ಕೆ ಬಂಧನ. ಲಕೋಟೆಯಲ್ಲಿ ನೂರೈವತ್ತು ಕ್ರೂನ್ ಹಾಗೇ ಇತ್ತು. ಒಂದು ಸುಳ್ಳಿನ ನಾಚಿಕೆ, ಗೌರವಸ್ಥ ಗುರುವನ್ನು ಅಸಹಾಯಕಳ ಪಾಲನ್ನು ಕದಿಯುವಷ್ಟಕ್ಕೆ ತಳ್ಳಿತ್ತು. ಅದು ಕ್ಷಮೆಗೆ ಕಾರಣವಲ್ಲ.

ವರದಿ ಬರೆಯುತ್ತಿದ್ದ ವಿಲ್ಲೆಮ್‌ನ ಕೈ ನಿಂತಿತು. ಇಪ್ಪತ್ತನೆಯ ತಾರೀಖು ಹಿಲ್ಯಾ ಕಿಟಕಿಯಿಂದ ಬಾಚಣಿಗೆ ಹಿಡಿದ ಕೈಯನ್ನೇ ಎತ್ತಿ ಅವನನ್ನು ಕರೆದಿದ್ದಳು. ಅವನು ಕೈಬೀಸಿ ಸಾಲಿನತ್ತ ನಡೆದಿದ್ದ. ಅದನ್ನೂ ವರದಿಯಲ್ಲಿ ಬರೆದು, ಟೀಚರ್ ಕಲಿಸಿದ ಅಕ್ಷರದಲ್ಲೇ ಸಹಿ ಮಾಡಿದ.

ನಿಮ್ಮಲ್ಲೂ ಅಂಥ ದಿನ ಬಂದೀತು. ಸಾಲಿಗೆ ಸೇರುವ ಮುನ್ನ, ದಯವಿಟ್ಟು, ಪಕ್ಕದ ಮನೆಯ ಬಾಗಿಲು ತಟ್ಟಿರಿ.