ಭುಜದಿಂದ ಭುಜಕ್ಕೆ

ಹೆಡ್‌ಮಾಸ್ತರರ ಎಡಗೈ ಹೊಸ ಕೋಟಿನ ತೋಳಿನೊಳಗೆ ಮೊಣಕೈವರೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಒಳಗೆಳೆದುಕೊಂಡು ಇನ್ನೊಮ್ಮೆ ನೂಕಿದರು. ಊಹೂಂ! ಬೀಳ್ಕೊಡುಗೆ ಸಮಾರಂಭಕ್ಕೆಂದು ಆಸೆಪಟ್ಟು ಹೊಲಿಸಿದ ಕೋಟು ಅದು. “ಏನಮ್ಮಾ, ಒಂದೇ ವಾರದಲ್ಲಿ ನಾನು ಇಷ್ಟು ದಪ್ಪ ಆಗಿಬಿಟ್ನಾ?” ಎಂದು ಆ ಸಾಧು ಮನುಷ್ಯ ಕೇಳಿದರು.

ಹೊಲಿಗೆ ಅಂಗಡಿಯ ಯಜಮಾನಿ ದಡಬಡಿಸಿ ಎದ್ದು ಬಂದಳು. ಬೀದಿಯವರು ಅವಳನ್ನು ಕತ್ತರಿಯಮ್ಮ ಎನ್ನುತ್ತಿದ್ದರು, ಅವಳ ಬೆನ್ನ ಹಿಂದೆ ಮಾತ್ರ. ಮಂಡಿನೋವು ಶುರುವಾದ ಮೇಲೆ ಬಟ್ಟೆ ಕತ್ತರಿಸುವುದನ್ನು ಮಗನಿಗೂ ಸೊಸೆಗೂ ಬಿಟ್ಟುಕೊಟ್ಟಿದ್ದಳು. ನಾಲಿಗೆಯ ಕತ್ತರಿಯನ್ನು ಮಾತ್ರ ಇನ್ನೂ ತಾನೇ ಆಡಿಸುತ್ತಿದ್ದಳು. ಕೋಟನ್ನು ಕಿತ್ತುಕೊಂಡು ಒಳಗೂ ಹೊರಗೂ ತಿರುಗಿಸಿ ನೋಡಿದಳು. ಹೊಲಿಗೆಯಲ್ಲಿ ಒಂದು ಕುಂದಿಲ್ಲ, ಕಾಲರು ಅಚ್ಚುಕಟ್ಟಾಗಿ ಕೂತಿದೆ. ಹಾಗಾದರೆ ಇದು ಯಾರ ಮೈಗೆ ಹೊಲಿದದ್ದು? ಏನೋ ಅನುಮಾನ ಬಂದು, ಮೂಲೆಯಲ್ಲಿ ನಿಂತಿದ್ದ ಸೊಸೆಯ ಬೆನ್ನಿಗೆ ಅದನ್ನು ಹಿಡಿದಳು. ಭುಜಕ್ಕೆ ಭುಜ, ತೋಳಿಗೆ ತೋಳು... ಎಳೆಯಷ್ಟೂ ವ್ಯತ್ಯಾಸವಿಲ್ಲ!

“ಅವರ ಅಳತೆ ತಗೊಂಡು ನಿನ್ನ ಮೈಗೆ ಹೊಲ್ದಿದ್ದೀಯಲ್ಲೇ! ತಲೆ ಇದೆಯಾ ನಿನಗೆ?”

“ಅತ್ತೆ... ಅವರ ಭುಜದ ಮೇಲೆ ಟೇಪು ಇಟ್ಟೆ. ಅವರು ಎಲ್ಲಿ ಮುಗೀತಾರೆ, ನಾನು ಎಲ್ಲಿ ಶುರು ಆಗ್ತೀನಿ ಅಂತ... ಗೊತ್ತಾಗ್ಲಿಲ್ಲ ಅತ್ತೆ!”

ಹೆಡ್‌ಮಾಸ್ತರರು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮಗ ಮಿಷನ್ನಿನಿಂದ ಎದ್ದು ಬಂದ. “ತಪ್ಪು ನಂದಮ್ಮ. ಬಟ್ಟೆ ತರೋಕೆ ಹೋಗಿ ವಾರವೆಲ್ಲಾ ಮನೇಲಿರಲಿಲ್ಲ. ಬೆಳಿಗ್ಗೆ ಹೊತ್ತು ಅವಳ ಅಳತೆ ತಗೊಳ್ಳೋರು...”

“ನಿಲ್ಸು ಸಾಕು! ದಿನಾ ಬೆಳಗಾದ್ರೆ ಹೆಂಡತೀನ ಕನ್ನಡಿ ಮುಂದೆ ನಿಲ್ಲಿಸ್ಕೊಂಡು ಟೇಪು ಹಿಡೀತೀಯಲ್ಲ, ಆ ಸರಸ ಬೇರೆ ಕೇಡು! ನಿಮ್ಮಪ್ಪ ಹೋದ ಮೇಲೆ ಒಬ್ಬಳೇ ಕಟ್ಟಿದ ಅಂಗಡಿ ಕಣೋ ಇದು. ಇವಳು ಇವಳಣ್ಣನ ಮನೆಗೆ ಹೋಗಲಿ.”

“ಅವಳು ಹೋದ್ರೆ ನಾನೂ ಇರಲ್ಲ.”

ಆ ಮಾತು ತಾಯಿಯ ಎದೆಗೆ ನಾಟಿತು. ಆದರೆ ಹಿಡಿದ ಹಟ ಬಿಡುವವಳೇ ಅವಳು? ಮರುದಿನ ಮಗ ಅದೇ ಬಣ್ಣದ ಬಟ್ಟೆ ಹುಡುಕಿಕೊಂಡು ಪೇಟೆಗೆ ಹೋದದ್ದೇ ತಡ, ಬಸ್ಸು ಓಡಿಸುವ ಸೊಸೆಯ ಅಣ್ಣನಿಗೆ ಫೋನು ಮಾಡಿದಳು. ಮಧ್ಯಾಹ್ನದೊಳಗೆ ಬಂದು ತಂಗಿಯನ್ನು ಕರೆದುಕೊಂಡು ಹೋಗಬೇಕೆಂದು ಹೇಳಿ, ಅವನು ಉತ್ತರ ಕೊಡುವ ಮೊದಲೇ ಇಟ್ಟುಬಿಟ್ಟಳು.

ಸೊಸೆಯ ಕಾಯಿಲೆ ಗುಟ್ಟಿನದೇನಲ್ಲ. ಡಾಕ್ಟರು ಅದಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರು ಹೇಳಿದ್ದರು. ಯಾರೂ ಇಲ್ಲದಲ್ಲಿ ಕೇಳುತ್ತಿದ್ದ ದನಿಗಳನ್ನು ಮಾತ್ರೆಗಳು ಬಹುಮಟ್ಟಿಗೆ ಸುಮ್ಮನಾಗಿಸಿದ್ದವು. ಉಳಿದದ್ದು ಇನ್ನೊಂದು ಸಂಕಟ. ಮನಸ್ಸಿಗೆ ಬಂದ ಯೋಚನೆ ತನ್ನದೇ? ಎತ್ತಿದ ಕೈ ತನ್ನದೇ? ಹಾಗೆಂದು ಅವಳು ಕೇಳಿದಾಗಲೆಲ್ಲ ಅತ್ತೆ, “ಮತ್ತೆ ಪಕ್ಕದ ಮನೆಯೋರದಾ?” ಎಂದು ಹಂಗಿಸುತ್ತಿದ್ದಳು. ನಮಗೇನು, ‘ನಾನು’ ಎಂಬುದು ಪುಕ್ಕಟೆ ಸಿಕ್ಕಿದೆ, ದಿನಕ್ಕೆ ನೂರು ಸಲ ಆಡುತ್ತೇವೆ. ಅದು ಕೈಗೆ ಸಿಗದೆ ಜಾರುವುದೆಂದರೆ ಏನೆಂದು ಕತ್ತರಿಯಮ್ಮನಿಗಾದರೂ ಹೇಗೆ ತಿಳಿಯಬೇಕು!

ಸೊಸೆಯ ಬಟ್ಟೆಗಳನ್ನು ಚೀಲಕ್ಕೆ ತುರುಕಿ ಅವಳು ಅಂಗಡಿಗೆ ಬಂದಳು. ಟ್ರಯಲ್ ರೂಮಿನ ಪರದೆ ಸರಿದಿತ್ತು. ಸೊಸೆ ಕನ್ನಡಿಯ ಮುಂದೆ ಕಣ್ಣು ಮಿಟುಕಿಸದೆ ನಿಂತಿದ್ದಳು.

“ಹೊರಡೋ ಹೊತ್ತಲ್ಲಿ ಶೃಂಗಾರವೇನೇ?”

“ಅತ್ತೆ... ಕನ್ನಡಿ ಒಳಗಿರೋಳು ನನಗಿಂತ ಮುಂಚೆ ಉಸಿರಾಡ್ತಾಳೆ. ನಾನು ಅವಳ ಹಿಂದಿಂದ ಉಸಿರಾಡ್ತಾ ಇದ್ದೀನಿ. ನಾನು... ಈ ಗೋಡೆಗೂ ನನಗೂ ಮಧ್ಯೆ ಏನೂ ಇಲ್ಲ ಅತ್ತೆ. ಎಲ್ಲಾ ಒಂದೇ ಆಗಿ ಸೋರಿ ಹೋಗ್ತಿದೆ...” ಅವಳ ತುಟಿ ಬಿಳಿಚಿತ್ತು. “ಅವರಿಲ್ಲ. ನೀವು... ಒಂದೇ ಒಂದು ಸಲ... ಟೇಪು ಹಿಡೀತೀರಾ?”

ಕತ್ತರಿಯಮ್ಮನ ನಾಲಿಗೆಯ ತುದಿಗೆ ಒಂದು ಚುಚ್ಚುಮಾತು ಬಂದಿತ್ತು. ಆದರೆ ಅವಳ ಕಣ್ಣು ಸೊಸೆಯ ಕೈಗಳ ಮೇಲೆ ಬಿತ್ತು. ಕತ್ತಲಲ್ಲಿ ಬಾಗಿಲು ತಡಕುವವಳಂತೆ ಆ ಹುಡುಗಿ ತನ್ನದೇ ತೋಳನ್ನು ತಡಕುತ್ತಿದ್ದಳು! ಇದು ಸೋಗಲ್ಲ. ಸೋಗು ಹಾಕುವವರು ತಮ್ಮ ತೋಳನ್ನೇ ಹೀಗೆ ಹುಡುಕುವುದಿಲ್ಲ. ಮುದುಕಿ ಕೊರಳಲ್ಲಿದ್ದ ಟೇಪನ್ನು ತೆಗೆದಳು.

ಆ ಅಂಗಡಿಯಲ್ಲಿ ಅವಳೇ ಹಾಕಿಕೊಟ್ಟ ಪದ್ಧತಿಯೊಂದಿತ್ತು. ಟೇಪು ಹಿಡಿದವರು ಅಳತೆಯನ್ನು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬರು ತಿರುಗಿ ಹೇಳಬೇಕು. ಇಬ್ಬರ ಬಾಯಲ್ಲೂ ಬಂದ ಮೇಲೆಯೇ ಅಳತೆ ಖಚಿತ. ಅಭ್ಯಾಸಬಲದಿಂದ ಅವಳು ಕೂಗಿದಳು. “ಭುಜ, ಹದಿನಾಲ್ಕೂವರೆ.”

“ನನ್ನ ಭುಜ, ಹದಿನಾಲ್ಕೂವರೆ,” ಎಂದಳು ಸೊಸೆ. ದನಿ ಎಲ್ಲೋ ದೂರದಿಂದ ಬಂತು.

“ತೋಳು, ಇಪ್ಪತ್ತೆರಡು.”

“ನನ್ನ ತೋಳು... ನನ್ನ ತೋಳು, ಇಪ್ಪತ್ತೆರಡು.”

ಮಗ ಪ್ರತಿ ಬೆಳಿಗ್ಗೆ ಮಾಡುತ್ತಿದ್ದದ್ದು ಇದನ್ನೇ! ಸರಸ ಎಂದು ತಾನು ಮುಖ ತಿರುಗಿಸಿದ್ದು ಇದಕ್ಕೇ! ಮಣಿಕಟ್ಟು, ಕೊರಳು, ಎದೆ, ಸೊಂಟ... ಒಂದೊಂದು ಅಳತೆಗೂ ಆ ಬರಿದಾದ ಕಣ್ಣುಗಳೊಳಗೆ ಯಾರೋ ಮೆಲ್ಲಮೆಲ್ಲಗೆ ಬಂದು ಕೂರುತ್ತಿರುವುದನ್ನು ಕತ್ತರಿಯಮ್ಮ ಕಂಡಳು. ಎಷ್ಟು ಸಾವಿರ ಜನರ ಮೈಗೆ ಟೇಪು ಸುತ್ತಿದ ಕೈ ಅದು! ಆ ಮೈಗಳೊಳಗೆ ಒಬ್ಬೊಬ್ಬರು ಇರುತ್ತಾರೆ, ಹಾಗಿರುವುದೇ ಒಂದು ಅದ್ಭುತ ಎಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ತಾನು ಎದ್ದ ಕೂಡಲೇ ತಾನಾಗಿರುತ್ತಾಳೆ, ಅದಕ್ಕೆ ಯಾವ ಶ್ರಮವೂ ಇಲ್ಲ. ಈ ಹೆಣ್ಣು ಮಾತ್ರ ಬೆಳಗಾದರೆ ಭುಜದಿಂದ ಭುಜಕ್ಕೆ ತನ್ನನ್ನು ತಾನೇ ಕಟ್ಟಿಕೊಂಡು, ಆಮೇಲೆ ಬಂದು ಅತ್ತೆಗೆ ಕಾಫಿ ಕೊಡುತ್ತಿದ್ದಳು! ಒಂದು ದಿನವೂ ಆ ಕಾಫಿ ತಪ್ಪಿರಲಿಲ್ಲ.

ಹೊಲಿಗೆ ಬಿಚ್ಚಿ ಹಾಕಲೆಂದು ಗೂಟಕ್ಕೆ ನೇತುಹಾಕಿದ್ದ ಕೋಟನ್ನು ಅವಳು ತಂದಳು. “ಕೈ ಹಾಕು,” ಎಂದಳು. ತಾನೇ ತೊಡಿಸಿ, ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕೋಟು ಆ ಸಣಕಲು ಮೈಯನ್ನು ಎಲ್ಲ ಕಡೆಯಿಂದಲೂ ಬಿಗಿಯಾಗಿ ಅಪ್ಪಿಕೊಂಡಿತು.

“ಯಾರದೇ ಈ ಕೋಟು?”

ಸೊಸೆ ಕನ್ನಡಿ ನೋಡಿದಳು, ತನ್ನ ತೋಳು ನೋಡಿಕೊಂಡಳು. “...ನಂದು ಅತ್ತೆ,” ಎಂದಳು. ಅತ್ತೆ ಅವಳನ್ನು ಎದೆಗೆ ಒತ್ತಿಕೊಂಡು ಗಳಗಳನೆ ಅತ್ತುಬಿಟ್ಟಳು.

ಅಷ್ಟರಲ್ಲಿ ಅಣ್ಣ ಬಾಗಿಲಲ್ಲಿ ನಿಂತಿದ್ದ. ಬೇಸಿಗೆಯ ಮಧ್ಯಾಹ್ನ ಗಂಡಸರ ಕೋಟು ತೊಟ್ಟ ತಂಗಿಯನ್ನೂ, ಅಳುತ್ತಿರುವ ಕತ್ತರಿಯಮ್ಮನನ್ನೂ ನೋಡಿ ಬೆಪ್ಪಾದ. “ಅಮ್ಮ, ಚೀಲ ಎಲ್ಲಿದೆ?” ಎಂದು ತಡವರಿಸಿದ.

“ಚೀಲ ಗೀಲ ಏನೂ ಇಲ್ಲ, ಕೂತ್ಕೋಪ್ಪಾ. ಊಟ ಮಾಡ್ಕೊಂಡು ಹೋಗು. ನಮ್ಮನೆ ಹುಡುಗಿ ಎಲ್ಲಿಗೂ ಬರಲ್ಲ!”

ಸಂಜೆ ಬಂದ ಮಗನಿಗೆ ತಾಯಿ ಏನನ್ನೂ ವಿವರಿಸಲಿಲ್ಲ. ಅವನು ತಂದ ಬಟ್ಟೆಯಲ್ಲಿ, ಹೊಸದಾಗಿ ತೆಗೆದ ಅಳತೆಗೆ, ಮೂವರೂ ಕೂತು ಹೆಡ್‌ಮಾಸ್ತರರ ಕೋಟನ್ನು ಮತ್ತೆ ಹೊಲಿದರು. ಕಾಯಿಲೆ ವಾಸಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಮಾತ್ರೆ, ಡಾಕ್ಟರು ಎಲ್ಲ ಇದ್ದೇ ಇದೆ. ಕೆಲವು ದಿನ ಅಳತೆ ಎರಡೆರಡು ಸಲ ಕೂಗಬೇಕಾಗುತ್ತದೆ. ಆದರೆ ಬೆಳಗಿನ ಟೇಪು ಈಗ ಮುದುಕಿಯ ಕೈಯಲ್ಲೇ. ಮಗ ಕೇಳಿದರೆ, “ನಿನಗೆ ಅಳತೆ ಹಿಡಿಯೋಕೆ ಬರಲ್ಲ, ಹೋಗೋ,” ಎಂದು ಗದರುತ್ತಾಳೆ.

ಒಂದು ಬೆಳಿಗ್ಗೆ ಅಳತೆ ಮುಗಿದ ಮೇಲೆ ಸೊಸೆ ಆ ಟೇಪನ್ನು ತೆಗೆದುಕೊಂಡಳು. “ನೀವು ನಿಂತ್ಕೊಳ್ಳಿ ಅತ್ತೆ.”

“ನನಗ್ಯಾಕೇ? ನಾನೇನು ಎಲ್ಲಾದ್ರೂ ಕಳೆದುಹೋಗಿದ್ದೀನಾ?” ಎನ್ನುತ್ತಲೇ ಮುದುಕಿ ಕನ್ನಡಿಯ ಮುಂದೆ ನಿಂತಳು. ಯಾರೂ ಅವಳ ಅಳತೆ ತೆಗೆದು ಎಷ್ಟು ಕಾಲವಾಗಿತ್ತೋ! ಸೊಸೆಯ ಬೆರಳು ಒಂದು ಭುಜದ ತುದಿಯಿಂದ ಇನ್ನೊಂದರ ತುದಿಗೆ ಹಗುರವಾಗಿ ಸರಿಯಿತು.

“ಭುಜ, ಹದಿಮೂರು,” ಎಂದು ಕೂಗಿ ಅವಳು ಕಾದಳು.

ತಿರುಗಿ ಹೇಳಬೇಕಿತ್ತು. ‘ನನ್ನ’ ಎನ್ನುವುದಕ್ಕೆ ಕತ್ತರಿಯಮ್ಮ ಬಾಯಿ ತೆರೆದಳು; ಜೀವಮಾನವೆಲ್ಲಾ ಸಲೀಸಾಗಿ ಆಡಿದ ಆ ಮಾತು ಈಗ ಎತ್ತಲಾರದಷ್ಟು ಭಾರವಾಗಿತ್ತು. ಸೊಸೆ ಅವಸರ ಮಾಡಲಿಲ್ಲ. ಟೇಪನ್ನು ಹಾಗೇ ಹಿಡಿದುಕೊಂಡು, “ನಿಧಾನಕ್ಕೆ ಹೇಳಿ ಅತ್ತೆ, ನಾನಿದ್ದೀನಿ,” ಎಂದಳು.