ಕತ್ತಲೆರಾಯನ ಕೊನೆಯ ಫೋಟೋ

ಬಾಯಿ ತೆರೆದು ನಿದ್ದೆ ಹೊಡೆಯುವಾಗ ಯಾವ ಗಂಡಸಿನ ಮುಖ ತಾನೇ ಚೆನ್ನಾಗಿರುತ್ತದೆ? ಅಳಿಯ ಮಾವನ ಅಂಥ ಮುಖವನ್ನೇ ತನ್ನ ಹೊಸ ಕ್ಯಾಮೆರಾ ಮೊಬೈಲಿನಲ್ಲಿ ಹಿಡಿದು, ಪರದೆಯ ಮೇಲೆ ಹಾಕಿಕೊಂಡು, ಪ್ರೆಸ್ಸಿನ ಕ್ಯಾಂಟೀನಿನಲ್ಲಿ ಮೇಜಿನಿಂದ ಮೇಜಿಗೆ ತೋರಿಸುತ್ತಾ ಬಂದಿದ್ದ. ಮಂಜು ಕವಿದಂಥ ಚಿತ್ರ. ಆದರೂ ತೆರೆದ ಬಾಯಿ ಮಾತ್ರ ಎಲ್ಲರಿಗೂ ಕಂಡಿತು. ಬೈಂಡಿಂಗ್ ವಿಭಾಗದವರು ಬಿದ್ದು ಬಿದ್ದು ನಕ್ಕರು.

"ಇನ್ನು ಆ ದೊಡ್ಡ ಕ್ಯಾಮೆರಾ ಯಾಕೆ ಮಾವ? ಗುಜರಿಗೆ ಹಾಕಿ ನೀವು ಮನೇಲಿ ಆರಾಮಾಗಿ ಮಲ್ಕೊಳಿ," ಎಂದಿದ್ದ ಅಳಿಯ.

ಆ ಮಾವನಿಗೆ ಪ್ರೆಸ್ಸಿನಲ್ಲಿ ಕತ್ತಲೆರಾಯ ಎಂದೇ ಹೆಸರು. ಇಪ್ಪತ್ತೆರಡು ವರ್ಷ ಕ್ಯಾಮೆರಾ ಕೋಣೆಯ ಕತ್ತಲಲ್ಲಿ ನಿಂತು, ಅಚ್ಚಾಗಬೇಕಾದ ಪ್ರತಿ ಹಾಳೆಯ ಫಿಲಂ ತೆಗೆದವನು. ಅಕ್ಕ ಅತ್ತು ಕರೆದಳೆಂದು ಅವಳ ಮಗನನ್ನು ಕೈಹಿಡಿದು ಇಲ್ಲಿಗೆ ತಂದವನೂ ಅವನೇ, ಕೆಲಸದ ಓನಾಮ ಕಲಿಸಿದವನೂ ಅವನೇ. ಒಂದು ಕಸದ ಕಣ ಬಿದ್ದರೂ ಫಿಲಂ ಹಾಳು. ಫಿಲಂ ಅಂಟಿಸುವ ಟೇಪಿನ ಚೂರಾಗಲಿ ಮತ್ತೊಂದಾಗಲಿ ನೆಲಕ್ಕೆ ಬಿಸಾಡಬೇಡ, ಏಪ್ರನ್ನಿಗೆ ಅಂಟಿಸಿಕೋ ಎಂದು ಕಿವಿ ಹಿಂಡಿ ಹೇಳಿಕೊಟ್ಟಿದ್ದ. ಈಗ ಆ ಅಳಿಯನೇ ಮ್ಯಾನೇಜರ್. ಮುಂದಿನ ತಿಂಗಳು ಕ್ಯಾಮೆರಾ ಕೋಣೆ ಮುಚ್ಚಿ ಕಾಗದದ ಗೋದಾಮು ಮಾಡುತ್ತಾನಂತೆ. ಮಾಡಲಿ, ಅದನ್ನೂ ನೋಡಿಯೇ ಬಿಡೋಣ.

ಕತ್ತಲೆರಾಯ ತಣ್ಣಗೆ ಕೂತು ಲೆಕ್ಕ ಹಾಕಿದ. ತನ್ನ ಮಾನ ಕಳೆದ ಮೊಬೈಲಿನಿಂದಲೇ ಅಳಿಯನ ಮಾನ ಕಳೆಯಬೇಕು. ಸೋಮವಾರ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಿಗೆ ಬರುವುದಿತ್ತು. ಅದರ ಫೋಟೋ ಮ್ಯಾನೇಜರ್ ಮೊಬೈಲಿನಲ್ಲಿ ಸಿಕ್ಕರೆ ಕೆಲಸವೂ ಹೋಯಿತು, ಜೈಲೂ ಆಯಿತು. ಕ್ಯಾಮೆರಾ ಕೋಣೆ ಉಳಿಯಿತು.

ಭಾನುವಾರ ಅಂಗಡಿಗೆ ಹೋಗಿ, ಕೊಳ್ಳುವವನಂತೆ ಅದೇ ಮಾದರಿಯನ್ನು ಅರ್ಧ ಗಂಟೆ ತಿರುಗಿಸಿ ನೋಡಿದ. ತೆಗೆದ ಚಿತ್ರಕ್ಕೆ ತಾರೀಕು, ವೇಳೆ ತಾನಾಗಿಯೇ ಬೀಳುತ್ತದೆ. ಒಳ್ಳೆಯದು. ಮೊಬೈಲಿನ ಗಂಟೆಯ ಬಾಯಿ ಮುಚ್ಚಿಸಿದರೂ ಕ್ಲಿಕ್ ಸದ್ದು ನಿಲ್ಲುವುದಿಲ್ಲ. ಹೋಗಲಿ, ಊಟದ ಹೊತ್ತಿಗೆ ಕೇಳುವವರಾರು? ಒಂದೂವರೆ ಗೇಣು ದೂರ ಹಿಡಿದರೆ ಅಕ್ಷರ ಓದಬಹುದು. ಅಂಗಡಿಯಲ್ಲಿ ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ಕತ್ತಲೆರಾಯನಿಗೆ ನಗುವೇ ಬಂತು. ಅಳಿಯನ ಚಿತ್ರಗಳೆಲ್ಲ ಮಬ್ಬಾಗುವುದು ಯಾಕೆಂದು ಕೇಳಬೇಕೇ? ಆ ದಡ್ಡನಿಗೆ ಕ್ಯಾಮೆರಾ ಹಿಡಿಯಲು ಬರುವುದಿಲ್ಲ, ಅಷ್ಟೆ.

ಸೋಮವಾರ ಒಂದು ಗಂಟೆಗೆ ಕ್ಯಾಮೆರಾ ಕೋಣೆಯ ಹೊರಗಿನ ಕೆಂಪು ದೀಪ ಹಾಕಿದ. ಅದು ಉರಿಯುತ್ತಿದ್ದರೆ ಯಜಮಾನರೂ ಬಾಗಿಲು ತಟ್ಟುವುದಿಲ್ಲ. ಹಿಂದಿನ ಬಾಗಿಲಿನಿಂದ ಮ್ಯಾನೇಜರ್ ಕೋಣೆಗೆ ಹೋದ. ಅಳಿಯ ಆಗತಾನೇ ಊಟಕ್ಕೆ ಎದ್ದು ಹೋಗಿದ್ದ. ದಿನದ ಹಾಗೆ ಮೊಬೈಲ್ ಮೇಜಿನ ಮೇಲೆ ಚಾರ್ಜಿಗಿತ್ತು. ಆ ಮೇಜು ಒಂದು ಕಾಲಕ್ಕೆ ಕತ್ತಲೆರಾಯನದೇ. ಡ್ರಾಯರಿನ ಇನ್ನೊಂದು ಬೀಗದ ಕೈ ಇನ್ನೂ ಅವನ ಗೊಂಚಲಲ್ಲಿತ್ತು.

ಡ್ರಾಯರಿನಲ್ಲಿದ್ದ ಲಕೋಟೆಯ ದಾರ ಬಿಚ್ಚಿ ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲೆ ಹರಡಿದ. ಮ್ಯಾನೇಜರ್ ಎಂಬ ಫಲಕದ ಅಂಚೂ ಚಿತ್ರದಲ್ಲಿ ಬರುವಂತೆ ಸರಿಸಿದ. ಲೆನ್ಸನ್ನು ಮೊದಲು ಉಗುರಿನಿಂದ, ಆಮೇಲೆ ಕರವಸ್ತ್ರದಿಂದ ಚೊಕ್ಕಟ ಮಾಡಿದ. ಹಾಗೆ ಮಾಡದೆ ಅವನು ಯಾವ ಕ್ಯಾಮೆರಾವನ್ನೂ ಮುಟ್ಟಿದವನಲ್ಲ. ಕ್ಲಿಕ್. ಒಂದೇ ಸಾಕು. ಎಲ್ಲವನ್ನೂ ಇದ್ದಲ್ಲೇ ಇಟ್ಟು, ಬೆರಳಚ್ಚು ಒರೆಸಿ, ಮ್ಯಾನೇಜರ್ ಮೊಬೈಲ್ ನೋಡಿ ಎಂದು ಎಡಗೈಯಲ್ಲಿ ಬರೆದಿಟ್ಟಿದ್ದ ಚೀಟಿಯನ್ನು ಯಜಮಾನರ ಕೋಣೆಯ ಬಾಗಿಲ ಸಂದಿಯಲ್ಲಿ ತೂರಿಸಿ, ಎಂಟೇ ನಿಮಿಷದಲ್ಲಿ ಕತ್ತಲೆಗೆ ಮರಳಿದ.

ಎರಡು ಗಂಟೆಗೆ ಯಜಮಾನರು ಇಬ್ಬರನ್ನೂ ಕರೆಸಿದರು. ಮೊಬೈಲ್ ಅವರ ಕೈಯಲ್ಲಿತ್ತು. ಚಿತ್ರ ನೋಡಿ ಅಳಿಯನ ಮುಖ ಬಿಳಿಚಿಕೊಂಡಿತು. ತಾನು ತೆಗೆದದ್ದಲ್ಲ ಎಂದು ತೊದಲಿದ. ಕತ್ತಲೆರಾಯ ತಲೆ ತಗ್ಗಿಸಿ, ಅಕ್ಕನಿಗೆ ಹೇಗೆ ಮುಖ ತೋರಿಸಲಿ ಎಂದು ನಿಟ್ಟುಸಿರು ಬಿಟ್ಟ. ಒಳಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಯಜಮಾನರು ಗುಂಡಿ ಒತ್ತುತ್ತಲೇ ಹೋದರು. ಅಳಿಯನ ಮಗಳು, ಮನೆಯ ಬೆಕ್ಕು, ಬಾಯಿ ತೆರೆದ ಕತ್ತಲೆರಾಯ. "ನೂರಾರು ಫೋಟೋ ಇದೆ, ಎಲ್ಲಾ ಮಬ್ಬು. ಇದೊಂದು ಮಾತ್ರ ಹೇಗಯ್ಯಾ ಇಷ್ಟು ಸ್ಪಷ್ಟ?" ಎಂದರು. ಅಳಿಯ ಮೊಬೈಲ್ ಇಸಿದುಕೊಂಡು ಹಿಂದುಮುಂದಾಗಿ ತಿರುಗಿಸಿದ. ಲೆನ್ಸಿಗೆ ಗೀರು ಬೀಳದಿರಲೆಂದು, ಡಬ್ಬದಿಂದ ತೆಗೆದಾಗ ಇದ್ದ ಪ್ಲಾಸ್ಟಿಕ್ ಪೊರೆಯನ್ನು ಹಾಗೇ ಬಿಟ್ಟಿದ್ದೆ, ಈಗ ಅದು ಇಲ್ಲ ಎಂದ. ಹಾಗೆನ್ನುತ್ತಲೇ ಅವನ ಕಣ್ಣು, ಕಲಿತ ಪಾಠ ನೆನಪಾದಂತೆ, ಮಾವನ ಏಪ್ರನ್ನಿಗೆ ಹೋಯಿತು. ಎದೆಯ ಮೇಲೆ ಸಾಲಾಗಿ ಅಂಟಿದ ಕೆಂಪು ಟೇಪಿನ ಚೂರುಗಳ ನಡುವೆ, ಸಣ್ಣ ನೀಲಿ ಬಾಲವಿದ್ದ ದುಂಡನೆಯ ಪೊರೆಯೊಂದಿತ್ತು. ಅಳಿಯ ಅದನ್ನು ಮೆಲ್ಲಗೆ ಬಿಡಿಸಿ ಲೆನ್ಸಿನ ಮೇಲಿಟ್ಟ. ಸರಿಯಾಗಿ ಕೂತುಕೊಂಡಿತು.