ಇಬ್ಬರು ಬೇಕಾಗುವ ಸ್ಟ್ಯಾಂಡು

"ಮಿಸ್, ಒಂಚೂರು ಬಂದು ಹಿಡ್ಕಳ್ರಿ. ಒಬ್ರಿಂದ ಆಗಲ್ಲ."

ಪ್ರಸನ್ನಕುಮಾರ ಸುಷ್ಮಿತಾಳ ಜೊತೆ ಆಡಿದ ಮೊದಲ ಮಾತು ಇದು. ಹೀಗೆ ಶುರುವಾದ ಪ್ರೀತಿ ಹೊಸದುರ್ಗದಲ್ಲಿ ಇನ್ನೊಂದು ಇರಲಾರದು.

ಅವನು ತಾಲ್ಲೂಕು ಆಫೀಸಿನ ಸರ್ವೆಯರ್. ತಾಯಿ ಏಕಾಂತಮ್ಮನ ಜೊತೆ ಅವಳ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ. ಸುಷ್ಮಿತಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹಿಡಿಯಬೇಕಾಗಿದ್ದು ಅವನ ನೀಲಿ ಸ್ಪೋರ್ಟ್ಸ್ ಬೈಕು. ಅದಕ್ಕೆ ಇರುವುದು ಸೈಡ್ ಸ್ಟ್ಯಾಂಡ್ ಒಂದೇ. ಚೈನ್ ತೊಳೆದು ಎಣ್ಣೆ ಬಿಡಬೇಕಾದರೆ ಹಿಂದಿನ ಚಕ್ರ ನೆಲ ಬಿಟ್ಟು ಏಳಬೇಕು. ಅದಕ್ಕೆಂದೇ ಪ್ಯಾಡಾಕ್ ಸ್ಟ್ಯಾಂಡ್ ಅಂತ ಒಂದು ಕಬ್ಬಿಣದ ಚೌಕಟ್ಟು ತರಿಸಿದ್ದ. ಒಬ್ಬರು ಬೈಕನ್ನು ನೆಟ್ಟಗೆ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಹಿಂದೆ ಕೂತು ಚೌಕಟ್ಟನ್ನು ಸಿಕ್ಕಿಸಿ ಅದರ ಹಿಡಿಯನ್ನು ಕೆಳಕ್ಕೆ ಒತ್ತಬೇಕು. ಆಗ ಬೈಕಿನ ಹಿಂಭಾಗ ಮೇಲೇಳುತ್ತದೆ.

ಅಂದಿನಿಂದ ಪ್ರತಿ ಭಾನುವಾರ ಕಾಂಪೌಂಡಿನ ಆಚೆಯಿಂದ ಅದೇ ಕರೆ.

"ನ್ಯೂಟ್ರಲ್ಲಲ್ಲಿ ಐತಾ ನೋಡ್ರಿ. ಬ್ರೇಕ್ ಹಿಡೀಬ್ಯಾಡ್ರಿ. ನಿಮ್ ಕಡೆ ಒಂಚೂರು ವಾಲಿಸ್ಕಳ್ರಿ."

ಸುಷ್ಮಿತಾ ಹ್ಯಾಂಡಲ್ ಹಿಡಿದು ನಿಲ್ಲುತ್ತಿದ್ದಳು. ಬೈಕಿನ ಕನ್ನಡಿಯಲ್ಲಿ, ಹಿಂದೆ ಕೂತವನ ಎರಡು ಕಣ್ಣು ಮತ್ತು ಅರ್ಧ ಹಣೆ ಕಾಣುತ್ತಿತ್ತು. ಆ ಕಣ್ಣು ಸ್ಟ್ಯಾಂಡಿನ ಮೇಲೆ ಇರುವುದಕ್ಕಿಂತ ಕನ್ನಡಿಯ ಮೇಲೆ ಇದ್ದದ್ದೇ ಹೆಚ್ಚು. ಅವಳು ನೋಡಿದ ತಕ್ಷಣ ಅವನು ಟೈರಿನ ಗಾಳಿ ಪರೀಕ್ಷೆ ಮಾಡುತ್ತಿದ್ದ. ಅಷ್ಟು ಗಾಳಿ ನೋಡಿಸಿಕೊಂಡ ಟೈರು ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಆದರೆ ಬಾಯಿ ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಅವಳ ಅಪ್ಪ, ಕೊಬ್ಬರಿ ವ್ಯಾಪಾರದ ಈರಬಸಪ್ಪ, ಹಿರಿಯೂರಿನ ಗಂಡೊಂದನ್ನು ಹುಡುಕಿದರು. ಅಪ್ಪ ಒಮ್ಮೆ ಎಲೆ ಅಡಿಕೆ ಹಿಡಿದುಬಿಟ್ಟರೆ ಮುಗಿಯಿತು, ಆಮೇಲೆ ಯಾರು ಅತ್ತರೂ ಮಾತು ಹಿಂದಕ್ಕೆ ಬರುವುದಿಲ್ಲ. ಸುಷ್ಮಿತಾ ಹ್ಯಾಂಡಲ್ ಹಿಡಿದುಕೊಂಡೇ ಸುದ್ದಿ ಹೇಳಿದಳು.

"ಮುಂದಿನ ಭಾನುವಾರ ಬರೋಕಾಗಲ್ಲ. ಹಿರಿಯೂರಿಂದ ನನ್ನ ನೋಡೋಕೆ ಬರ್ತಾರೆ."

ಪ್ರಸನ್ನಕುಮಾರ ಚೈನ್ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹೌದಾ. ಹಂಗಾದ್ರೆ ಚೈನಿಂದು ಶನಿವಾರನೇ ಮಾಡ್ಕಳಾಣ."

ಅವಳಿಗೆ ಬೈಕನ್ನು ಅವನ ಮೇಲೆಯೇ ಕೆಡವಬೇಕು ಅನ್ನಿಸಿತು. ಇವನಿಗೆ ಬೈಕಿನ ಮೇಲಿರುವ ಪ್ರೀತಿಯಲ್ಲಿ ಕಾಲು ಭಾಗ ಮನುಷ್ಯರ ಮೇಲಿಲ್ಲ ಅಂದುಕೊಂಡು ಮನೆಗೆ ಬಂದು ಅತ್ತಳು.

ಗುರುವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಪಕ್ಕದ ಅಂಗಳ ಕಣ್ಣಿಗೆ ಬಿತ್ತು. ಹೊಲ ಅಳೆಯಲು ಹೋಗಿದ್ದ ಬೈಕಿಗೆ ಮಣ್ಣು ಮೆತ್ತಿತ್ತು. ಪ್ರಸನ್ನಕುಮಾರ ಒಂದು ಕೈಯಲ್ಲಿ ಬೈಕಿನ ಹಿಂಭಾಗ ಹಿಡಿದು ನೆಟ್ಟಗೆ ಮಾಡಿದ, ಇನ್ನೊಂದು ಕೈಯಲ್ಲಿ ಸ್ಟ್ಯಾಂಡನ್ನು ಒತ್ತಿದ. ಚಕ್ರ ಮೇಲೆದ್ದಿತು. ಪಕ್ಕದಲ್ಲಿ ನರಪಿಳ್ಳೆಯೂ ಇರಲಿಲ್ಲ.

ಸುಷ್ಮಿತಾ ಒದ್ದೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಹಾಗೇ ನಿಂತುಬಿಟ್ಟಳು. ಆ ದಿನ ತರಗತಿಯಲ್ಲಿ ಮಗ್ಗಿ ಬಾರದವರಿಗೂ ಬೈಗುಳ ಬೀಳಲಿಲ್ಲ.

ಶನಿವಾರ ಕಾಂಪೌಂಡಿನ ಆಚೆಯಿಂದ ಕರೆ ಬರಲಿಲ್ಲ. ಭಾನುವಾರ ಬಂತು. ಹಿರಿಯೂರಿನ ಕಾರು ಬೀದಿ ತಿರುಗಿ ನಿಂತು ಹಾರ್ನ್ ಹೊಡೆಯಿತು. ಈರಬಸಪ್ಪನವರ ಗೇಟಿನ ಎದುರು, ಕಿರಿದಾದ ಬೀದಿಯ ನಟ್ಟನಡುವೆ, ನೀಲಿ ಬೈಕು ಸ್ಟ್ಯಾಂಡ್ ಏರಿ ಕೂತಿತ್ತು. ಪಕ್ಕದಲ್ಲಿ ಎಣ್ಣೆ ಡಬ್ಬ ಹಿಡಿದು ಅದರ ಯಜಮಾನ.

"ಏನಪ್ಪ ಪ್ರಸನ್ನ, ಗಾಡಿ ತೆಗಿ. ಬೀಗರು ಬಂದವ್ರೆ."

"ಒಬ್ನಿಂದ ಆಗಲ್ಲ ಅಂಕಲ್. ಮಿಸ್ ಬರ್ಬೇಕು."

"ನಾನ್ ಹಿಡೀತೀನಿ ಬಾ."

"ರೂಢಿ ಇಲ್ದೋರು ಹಿಡಿದ್ರೆ ಬೀಳ್ತೈತೆ."

ಹಾರ್ನ್ ಇನ್ನೊಮ್ಮೆ ಕೂಗಿತು. ಈರಬಸಪ್ಪ ಹಲ್ಲು ಕಚ್ಚಿಕೊಂಡು ಮಗಳನ್ನು ಕರೆದರು. ಮೊಗ್ಗಿನ ಜಡೆ, ರೇಷ್ಮೆ ಸೀರೆಯಲ್ಲಿ ಮದುವಣಗಿತ್ತಿಯಂತೆ ಬಂದ ಸುಷ್ಮಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹ್ಯಾಂಡಲ್ ಹಿಡಿದಳು. ಕನ್ನಡಿಯಲ್ಲಿ ಎರಡು ಕಣ್ಣು ಬಂದವು.

"ಗುರುವಾರ ಮಹಡಿ ಮೇಲಿಂದ ನೋಡ್ದೆ," ಅಂದಳು, ತುಟಿ ಅಲುಗಿಸದೆ. "ಒಬ್ರೇ ಎತ್ತಿದ್ರಿ."

ಕನ್ನಡಿಯಿಂದ ಕಣ್ಣು ಮಾಯವಾಯಿತು.

"ಮೊದ್ಲಿಂದಾನೂ ಬರ್ತಿತ್ತಾ?"

"ಬರ್ತಿತ್ತು."

"ಇವತ್ತು ಇಲ್ಲಿ ಯಾಕೆ ನಿಲ್ಸಿದ್ರಿ?"

"ಕಾರು ಒಳಗೆ ಬರಬಾರ್ದು ಅಂತ."

"ಅವರು ಇಳಿದು ನಡ್ಕೊಂಡು ಬಂದ್ರೆ?"

ಅವನು ಕೈಯಲ್ಲಿದ್ದ ಎಣ್ಣೆ ಡಬ್ಬವನ್ನು ಕೆಳಗಿಟ್ಟ. "ಅಲ್ಲಿಗಂಟ ಯೋಚ್ನೆ ಮಾಡಿರ್ಲಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಇಷ್ಟು ದಿನ ಕಾದದ್ದು ಈ ಪೆದ್ದನಿಗಾಗಿಯೇ, ಇನ್ನು ಇವನನ್ನು ಬಿಟ್ಟು ಬೇರೆ ಯಾರೂ ಬೇಡ ಅನ್ನಿಸಿತು.

"ಚೈನಿಗೆ ಹಾಕೋ ಎಣ್ಣೇಲಿ ಒಂದು ತೊಟ್ಟು ನಿಮ್ಮ ನಾಲಿಗೆಗೂ ಹಾಕ್ಕೊಂಡಿದ್ರೆ ನಾನು ಈ ಸೀರೆ ಉಡೋದು ತಪ್ತಿತ್ತು. ಇಳಿಸ್ರಿ ಗಾಡೀನ."

ಅವನು ಸ್ಟ್ಯಾಂಡಿನ ಹಿಡಿಯನ್ನು ನಿಧಾನವಾಗಿ ಎತ್ತಿದ. ಚಕ್ರ ನೆಲ ಮುಟ್ಟಿತು. ಸೈಡ್ ಸ್ಟ್ಯಾಂಡ್ ಮಾತ್ರ ಮಡಚಿಕೊಂಡೇ ಇತ್ತು. ಬೈಕಿನ ಭಾರವೆಲ್ಲ ಈಗ ಸುಷ್ಮಿತಾಳ ಕೈಯಲ್ಲಿ.

"ಮಿಸ್, ಸೈಡ್ ಸ್ಟ್ಯಾಂಡ್ ಹಾಕ್ರಿ."

"ಹಾಕಲ್ಲ. ಹೋಗಿ ಅಪ್ಪಾಜಿಗೆ ಹೇಳಿ ಬರ್ರಿ."

"ಬಿದ್ರೆ ನಿಮ್ ಕಾಲು ಮುರೀತೈತೆ."

"ಅದಕ್ಕೇ ಬೇಗ ಹೇಳ್ರಿ."

ಪ್ರಸನ್ನಕುಮಾರ ಎದ್ದ. ಗ್ರೀಸ್ ಮೆತ್ತಿದ ಕೈಯನ್ನು ಹೊಸ ಪ್ಯಾಂಟಿಗೆ ಒರೆಸಿಕೊಂಡು ಈರಬಸಪ್ಪನವರ ಎದುರು ನಿಂತ. ಕಾರಿನ ಗಾಜುಗಳು ಕೆಳಗಿಳಿದವು.

"ಅಂಕಲ್, ಈ ಗಾಡಿ ಒಬ್ನೇ ಎತ್ತೋಕೆ ನಂಗೆ ಬರ್ತೈತೆ. ಎಲ್ಲಾ ಭಾನುವಾರ ಸುಳ್ಳು ಹೇಳಿ ಕರ್ದೆ. ಸುಷ್ಮಿತಾ ಅಂದ್ರೆ ನಂಗೆ ಪ್ರಾಣ. ಅವ್ರನ್ನ ಬೇರೆಯೋರಿಗೆ ಕೊಡಬ್ಯಾಡ್ರಿ."

ಮಿಸ್ ಹೋಗಿ ಸುಷ್ಮಿತಾ ಆಗಿದ್ದಳು. ಅವನ ಬಾಯಲ್ಲಿ ತನ್ನ ಹೆಸರು ಮೊದಲ ಸಲ ಕೇಳಿ ಅವಳು ಹ್ಯಾಂಡಲ್ ಮರೆತು ಅವನತ್ತ ತಿರುಗಿದಳು. ಬೈಕು ಒಂದಿಷ್ಟು ವಾಲಿತು. ಅಷ್ಟರಲ್ಲಿ ಕಾರಿನಿಂದಿಳಿದ ಹಿರಿಯೂರಿನ ಹುಡುಗ ಓಡಿ ಬಂದ.

"ಒಂದ್ ಕೈ ಹಾಕ್ಲಾ ಮೇಡಂ?"

"ಬ್ಯಾಡ್ರಿ," ಅನ್ನುತ್ತ ಸುಷ್ಮಿತಾ ಸೀರೆಯ ನಿರಿಗೆಯ ಕೆಳಗಿಂದ ಕಾಲು ಚಾಚಿ ಸೈಡ್ ಸ್ಟ್ಯಾಂಡನ್ನು ಸಲೀಸಾಗಿ ಇಳಿಸಿದಳು.

ಹುಡುಗ ಅವಳನ್ನು ನೋಡಿದ, ಪ್ರಸನ್ನಕುಮಾರನನ್ನು ನೋಡಿದ, ಎಲ್ಲ ಅರ್ಥವಾದವನಂತೆ ತಲೆಯಾಡಿಸಿ, "ಮೈಲೇಜ್ ಎಷ್ಟ್ ಕೊಡ್ತೈತೆ?" ಅಂತ ವಿಚಾರಿಸಿದ.

ಈರಬಸಪ್ಪ ಮಗಳ ಮುಖವನ್ನು ಬಹಳ ಹೊತ್ತು ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಕೊನೆಗೆ ಅವರು ಕಾರಿನವರಿಗೆ ಕೈ ಮುಗಿದು, "ತಪ್ಪು ತಿಳ್ಕಬ್ಯಾಡ್ರಿ, ಉಪ್ಪಿಟ್ಟು ಆರಿ ಹೋಗ್ತೈತೆ, ಬರ್ರಿ," ಅಂದರು. ಹಿರಿಯೂರಿನವರೂ ಧಾರಾಳದ ಜನ, ತಿಂದು ಹರಸಿಯೇ ಹೋದರು. ಸಂಜೆ ಪ್ರಸನ್ನಕುಮಾರನ ತಾಯಿ ಏಕಾಂತಮ್ಮನವರು ಸಕ್ಕರೆ ಹಿಡಿದು ಬಂದರು. ಮದುವೆಯ ಮಾತು ಮುಗಿಯಿತು.

ಮುಂದಿನ ಭಾನುವಾರ ಸುಷ್ಮಿತಾ ತಲೆಗೆ ಹೂ ಮುಡಿದು ಕಾಯುತ್ತಿದ್ದಳು. ಕಾಂಪೌಂಡಿನ ಆಚೆಯಿಂದ ಕರೆ ಬಂತು.

"ಸುಷ್ಮಿತಾ, ಒಂಚೂರು ಬಂದು ಹಿಡ್ಕ. ಒಬ್ನಿಂದ ಆಗಲ್ಲ."

ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಈರಬಸಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ಹೊರಟಿದ್ದರು.

"ನೀನು ಒಳಗಿರವ್ವ," ಅಂದರು. "ಮದುವೆ ಆಗೋಗಂಟ ನಾನು ಹಿಡ್ಕಂತೀನಿ."

ಸುಷ್ಮಿತಾ ಮಹಡಿಗೆ ಓಡಿದಳು. ಕೆಳಗೆ ಅಪ್ಪ ಹ್ಯಾಂಡಲ್ ಹಿಡಿದು ನಿಂತಿದ್ದರು. ಹಿಂದೆ ಕೂತಿದ್ದ ಪ್ರಸನ್ನಕುಮಾರ ರೂಢಿಯಂತೆ ಕನ್ನಡಿಗೆ ಕಣ್ಣು ಹಾಕಿದ. ಅಲ್ಲಿ ಮಾವನವರ ಮೀಸೆ ಕಂಡಿತು. ಅವನು ತಕ್ಷಣ ಟೈರಿನ ಗಾಳಿ ನೋಡತೊಡಗಿದ.